ದಪ್ಪ ಮೈಯವರ ಸಂಜೆ ಕೂಟ: ಕುರ್ಚಿಯಿಂದ ಶುರು ಮಾಡಿ

ದಪ್ಪ ಮೈಯವರು ಮೂವತ್ತು ನಲವತ್ತು ಜನ ಒಂದು ಸಂಜೆ ಸೇರಿ, ಹಾಡು ಕೇಳಿ, ಕುಣಿದು, ಉಂಡು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಮರಳುವಂತೆ ಮಾಡುವುದು ಮೇಲ್ನೋಟಕ್ಕೆ ದೊಡ್ಡ ಕೆಲಸವೆಂದು ತೋರುವುದಿಲ್ಲ. ಕಲಬುರಗಿಯಲ್ಲಿ ನಾನು ಅಂಥ ಐದು ಕೂಟಗಳನ್ನು ನಡೆಸಿದ್ದೇನೆ. ಬೇರೆಯವರು ನಡೆಸಿದ ಮೂರಕ್ಕೆ ಅತಿಥಿಯಾಗಿ ಹೋಗಿದ್ದೇನೆ. ಆ ಮೂರರಲ್ಲಿ ಎರಡು ಮೊದಲ ಅರ್ಧ ಗಂಟೆಯಲ್ಲೇ ಕೆಟ್ಟುಹೋದವು. ಹಾಡು ಚೆನ್ನಾಗಿತ್ತು, ಅಡುಗೆಯೂ ರುಚಿಯಾಗಿತ್ತು, ಆದರೆ ಬಂದವರಿಗೆ ನೆಮ್ಮದಿಯಾಗಿ ಕೂರುವ ಜಾಗ ಇರಲಿಲ್ಲ.

ಅವುಗಳಲ್ಲಿ ಒಂದರಲ್ಲಿ ನನ್ನ ಪರಿಚಯದ ಶಿಕ್ಷಕಿಯೊಬ್ಬರು ಎರಡೂವರೆ ಗಂಟೆ ಗೋಡೆಗೆ ಒರಗಿ ನಿಂತೇ ಇದ್ದರು. "ಕೂಡ್ರಿ ಅಕ್ಕಾ" ಎಂದು ಕರೆದರೆ, "ಇರ್ಲಿ ಬಿಡವ್ವಾ, ನಿಂತು ನಿಂತು ರೂಢಿ ಅದ ನಂಗ" ಎಂದರು. ಅಲ್ಲಿದ್ದ ಕುರ್ಚಿಗಳಿಗೆಲ್ಲ ಎರಡೂ ಬದಿಗೆ ಕೈಗಳಿದ್ದವು. ಕಾರ್ಯಕ್ರಮ ಮುಗಿದ ಮೇಲೆ ಆ ಕೈಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದೆ: 17 ಇಂಚು. ಮುಂದಿನ ಕೂಟಕ್ಕೆ ಅವರು ಬರಲಿಲ್ಲ.

ದಪ್ಪ ಮೈಯವರು ತಮ್ಮವರೊಡನೆ ಬಹಿರಂಗವಾಗಿ ಸೇರುವುದು ಹೊಸ ಸಂಗತಿಯಲ್ಲ. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 500 ಜನ ಸೇರಿ, ದಪ್ಪಗಿರುವವರನ್ನು ಹೀಯಾಳಿಸುವುದನ್ನು ಪ್ರತಿಭಟಿಸಿದ್ದರು. 1969ರಲ್ಲಿ ಅದೇ ದೇಶದಲ್ಲಿ ಹುಟ್ಟಿದ ನಾಫಾ ಎಂಬ ಸಂಸ್ಥೆ ಹಕ್ಕುಗಳ ಹೋರಾಟದ ಜೊತೆಗೆ ಸದಸ್ಯರಿಗಾಗಿ ನೃತ್ಯಕೂಟಗಳನ್ನೂ ನಡೆಸಿತು. ನಮ್ಮ ದೇಶದಲ್ಲಿಯೂ ಬರಬಹುದಾದವರಿಗೆ ಕೊರತೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 24ರಷ್ಟು, ಪುರುಷರಲ್ಲಿ ಸುಮಾರು ಶೇ 23ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಇರುವವರೆಂದು ಕಂಡುಬಂದಿದೆ. ಕೊರತೆ ಇರುವುದು, ಹೋದಲ್ಲಿ ಅವಮಾನ ಆಗುವುದಿಲ್ಲ ಎಂಬ ನಂಬಿಕೆಗೆ.

ದಿನ ಮತ್ತು ಸಭಾಂಗಣ

ನವೆಂಬರಿನಿಂದ ಫೆಬ್ರುವರಿಯೊಳಗಿನ ಒಂದು ಶನಿವಾರವನ್ನು ಆರಿಸಿಕೊಳ್ಳಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಗೋಡೆಗಳು ರಾತ್ರಿ ಹತ್ತಕ್ಕೂ ಕಾವು ಬಿಡುತ್ತಿರುತ್ತವೆ. ಆಗ ಕುಣಿತದ ಮಾತೇ ಬೇಡ. ಫಂಕ್ಷನ್ ಹಾಲ್ ನೆಲಮಾಳಿಗೆಯಲ್ಲೂ ಇರಬಾರದು, ಮಹಡಿಯ ಮೇಲೂ ಇರಬಾರದು. "ಲಿಫ್ಟ್ ಅದ್ರೀ" ಎಂದು ಮಾಲೀಕರು ಹೇಳಿದರೂ ಒಪ್ಪಬೇಡಿ, ಏಕೆಂದರೆ ಕರೆಂಟ್ ಹೋದ ಹೊತ್ತಿಗೆ ಮೊಣಕಾಲು ನೋವಿನವರು ಮೇಲೆಯೇ ಉಳಿಯಬೇಕಾಗುತ್ತದೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಲ್ಲಿ ಅನುಮತಿ ಪಡೆಯಿರಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ಸಂಜೆ 6:30ಕ್ಕೆ ಶುರುವಾಗಿ 9:30ಕ್ಕೆ ಮುಗಿಯುವ ಕೂಟವೇ ನಮ್ಮ ಊರಿಗೆ ಹೊಂದುತ್ತದೆ.

ಕುರ್ಚಿಗಳು

ಈ ಹಂತಕ್ಕೆ ಒಂದು ಪೂರ್ತಿ ದಿನ ಮೀಸಲಿಡಬೇಕು. ಟೆಂಟ್ ಹೌಸಿಗೆ ಫೋನಿನಲ್ಲಿ "ಐವತ್ತು ಕುರ್ಚಿ ಕಳಿಸ್ರಿ" ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಹಾಗೆ ಹೇಳಿದರೆ ಬರುವುದು ಕೈಗಳಿರುವ ಪ್ಲಾಸ್ಟಿಕ್ ಕುರ್ಚಿ. ನೀವೇ ಗೋದಾಮಿಗೆ ಹೋಗಬೇಕು, ಟೇಪು ಒಯ್ಯಬೇಕು, ಪ್ರತಿ ಕುರ್ಚಿಯನ್ನೂ ಎತ್ತಿ ನೋಡಬೇಕು. ನಮಗೆ ಬೇಕಾದದ್ದು ಕೈಗಳಿಲ್ಲದ, ಕಬ್ಬಿಣ ಅಥವಾ ಸ್ಟೀಲ್ ಕಾಲಿನ, ಮೆತ್ತೆ ಕೂರಿಸಿದ ಕುರ್ಚಿ. ಆಸನದ ಅಗಲ 20 ಇಂಚಿಗೆ ಕಡಿಮೆ ಇರಬಾರದು, ನೆಲದಿಂದ ಎತ್ತರ 18 ಇಂಚಿನ ಆಸುಪಾಸು ಇರಬೇಕು. ಮದುವೆ ವೇದಿಕೆಯ ಸೋಫಾ ಮರ್ಯಾದೆಯ ಆಸನವೆಂದು ಕಂಡರೂ ತೀರ ತಗ್ಗಾಗಿರುತ್ತದೆ. ಅದರಲ್ಲಿ ಕುಳಿತವರು ಏಳುವಾಗ ಯಾರದಾದರೂ ಕೈ ಹಿಡಿಯಬೇಕಾಗುತ್ತದೆ, ಹಾಗೆ ಏಳುವುದನ್ನು ಇಡೀ ಸಭೆ ನೋಡುತ್ತದೆ. ಸೋಫಾ ತರಿಸಲೇಬೇಡಿ.

ಪ್ಲಾಸ್ಟಿಕ್ ಕುರ್ಚಿ ಏಕೆ ಮುರಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಅನಾಹುತ ತಪ್ಪುತ್ತದೆ. ವರ್ಷಗಟ್ಟಲೆ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಬಿದ್ದ ಪ್ಲಾಸ್ಟಿಕ್ ಪೆಡಸಾಗುತ್ತದೆ. ಮೈಮೇಲೆ ಸುಣ್ಣದಂಥ ಬಿಳಿ ಪುಡಿ ಕೈಗೆ ಹತ್ತಿದರೆ ಆ ಕುರ್ಚಿಯ ಆಯುಸ್ಸು ಮುಗಿದಿದೆ ಎಂದೇ ತಿಳಿಯಿರಿ. ಎರಡನೆಯ ಕಾರಣ ನಮ್ಮ ನೆಲ. ನಮ್ಮ ಭಾಗದ ಹಾಲುಗಳಲ್ಲಿ ಶಹಾಬಾದ್ ಫರ್ಸಿಯನ್ನು ಪಾಲಿಶ್ ಮಾಡಿ ಹಾಸಿರುತ್ತಾರೆ. ಆ ನುಣುಪಿನ ಮೇಲೆ ಭಾರ ಬಿದ್ದಾಗ ಕುರ್ಚಿಯ ಕಾಲುಗಳು ಹೊರಮುಖವಾಗಿ ಜಾರುತ್ತವೆ, ನೇರವಾಗಿ ಕೆಳಗಿಳಿಯಬೇಕಾದ ಭಾರ ಕಾಲು ಆಸನಕ್ಕೆ ಸೇರುವ ಸಂದಿಗೆ ಅಡ್ಡಲಾಗಿ ಬೀಳುತ್ತದೆ, ಅಲ್ಲಿ ಅದು ಸೀಳುತ್ತದೆ. ಆದ್ದರಿಂದ ಕೂರುವ ಜಾಗಕ್ಕೆಲ್ಲ ದಪ್ಪನೆಯ ಜಮಖಾನೆ ಹಾಸಿ, ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಈಗ ಎಲ್ಲೆಡೆ ಬಾಡಿಗೆಗೆ ಸಿಗುವ ತೆಳು ಪ್ಲಾಸ್ಟಿಕ್ ಹುಲ್ಲುಹಾಸು ನೆಲದ ಮೇಲೆ ತಾನೇ ಜಾರುತ್ತದೆ, ಮಡಿಕೆ ಬಿದ್ದು ಕಾಲಿಗೆ ತೊಡರುತ್ತದೆ. ದುಡ್ಡು ಉಳಿಯುತ್ತದೆಂದು ಅದನ್ನು ತರಬಾರದು. ಅದೇ ರೀತಿ ಕುರ್ಚಿಗೆ ತೊಡಿಸುವ ಸ್ಯಾಟಿನ್ ಬಟ್ಟೆಯೂ ನಮಗೆ ಬೇಡ. ಅದು ಸೀಳಿದ ಕಾಲನ್ನು ಮುಚ್ಚಿಡುತ್ತದೆ, ಕೂತವರನ್ನು ಮುಂದಕ್ಕೆ ಜಾರಿಸುತ್ತದೆ.

ಒಂದರ ಮೇಲೊಂದು ಎರಡು ಕುರ್ಚಿ ಜೋಡಿಸಿ ಕೊಡುವ ಅಡ್ಡದಾರಿ ನಿಮಗೆಲ್ಲ ಗೊತ್ತಿರುತ್ತದೆ. ಅದರಿಂದ ಗಟ್ಟಿತನ ಹೆಚ್ಚುವುದೇನೋ ನಿಜ. ಆದರೆ ಒಬ್ಬರು ಬಾಗಿಲಲ್ಲಿ ಕಾಣಿಸಿದ ಕೂಡಲೇ ಹುಡುಗನೊಬ್ಬ ಓಡಿಹೋಗಿ ಎರಡನೆಯ ಕುರ್ಚಿ ತಂದು ಜೋಡಿಸಿದ್ದನ್ನು ನಾನು ನೋಡಿದ್ದೇನೆ. ಆ ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಂದವರು ಮಾತ್ರ ಕೈಯಲ್ಲಿದ್ದ ಉಡುಗೊರೆಯನ್ನು ಮೇಜಿನ ಮೇಲಿಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಹೊರಟುಹೋದರು. ಬೇರೆ ದಾರಿಯೇ ಇಲ್ಲದಿದ್ದರೆ ಅತಿಥಿಗಳು ಬರುವ ಮೊದಲೇ ಎಲ್ಲ ಕುರ್ಚಿಗಳನ್ನೂ ಜೋಡಿ ಮಾಡಿ ಇಡಿ; ಒಬ್ಬರಿಗೆ ಮಾತ್ರ ಮಾಡಲೇಬೇಡಿ.

ಜೋಡಿಸುವ ಕ್ರಮವೂ ಮುಖ್ಯ. ಮದುವೆಗೆ ಹಾಕುವಂತೆ ಕುರ್ಚಿಗೆ ಕುರ್ಚಿ ತಾಗಿಸಿ ಸಾಲು ಮಾಡಬೇಡಿ. ಒಂದು ಕುರ್ಚಿಯ ನಡುವಿನಿಂದ ಪಕ್ಕದ ಕುರ್ಚಿಯ ನಡುವಿಗೆ 30 ಇಂಚು ಬಿಡಿ, ಓಡಾಡುವ ದಾರಿಗೆ ನಾಲ್ಕು ಅಡಿ ಬಿಡಿ, ಮೇಜಿನ ಸುತ್ತ ಆರು ಜನರ ಬದಲು ನಾಲ್ವರನ್ನೇ ಕೂರಿಸಿ. ನೂರು ಜನರ ಹಾಲಿನಲ್ಲಿ ನಮ್ಮ ನಲವತ್ತು ಜನ ಸರಿಯಾಗಿ ಹಿಡಿಯುತ್ತಾರೆ. ಎಲ್ಲ ಸಿದ್ಧವಾದ ಮೇಲೆ ಸಂಘಟಕರಲ್ಲಿ ಅತಿ ಭಾರದವರು ಪ್ರತಿಯೊಂದು ಕುರ್ಚಿಯ ಮೇಲೂ ಒಮ್ಮೆ ಕುಳಿತು, ಎಡಕ್ಕೆ ಬಲಕ್ಕೆ ವಾಲಿ ನೋಡಬೇಕು. ನಮ್ಮ ಕೂಟಗಳಲ್ಲಿ ಆ ಕೆಲಸ ನನ್ನದೇ. ಕಿರುಗುಟ್ಟಿದ ಕುರ್ಚಿಯನ್ನು ಅನುಮಾನವಿಟ್ಟುಕೊಂಡು ಬಳಸುವುದಕ್ಕಿಂತ ಹೊರಗಿಡುವುದು ಒಳ್ಳೆಯದು. ಅದಕ್ಕೆಂದೇ ನಲವತ್ತು ಜನರಿಗೆ ಐವತ್ತು ಕುರ್ಚಿ ತರಿಸುವುದು.

ಕರೆಯುವುದು

ದಪ್ಪ ಮೈಯವರ ಕೂಟಕ್ಕೆ ಬನ್ನಿ ಎಂದು ಒಬ್ಬರನ್ನು ಕರೆದರೆ, ನೀವು ದಪ್ಪಗಿದ್ದೀರಿ ಎಂದು ಹೇಳಿದಂತೆಯೇ ಆಗುತ್ತದೆ. ಆದ್ದರಿಂದ ತೆಳ್ಳಗಿನವರು ಕರೆಯಲು ಹೋಗಬಾರದು. ದಪ್ಪಗಿರುವವರೇ, ತಮಗೆ ಸಲಿಗೆ ಇರುವವರನ್ನು, ಒಬ್ಬರೇ ಸಿಕ್ಕಾಗ, "ನಾ ಹೊಂಟೀನಿ, ನೀವೂ ಬರ್ರಿ" ಎಂದು ಕರೆಯಬೇಕು. ಸೂಪರ್ ಮಾರ್ಕೆಟ್ ಕಡೆಯ ಟೇಲರ್ ಅಂಗಡಿಯಲ್ಲಿ ದೊಡ್ಡ ಅಳತೆಯವರಿಗೆ ಮಾತ್ರ ಕೊಡಿ ಎಂದು ಕಾರ್ಡು ಇಟ್ಟವರೊಬ್ಬರು ಟೇಲರಿನ ಗಿರಾಕಿಗಳನ್ನೂ ಕಳೆದರು, ಕೂಟವನ್ನೂ ಕೆಡಿಸಿಕೊಂಡರು. ಆಮಂತ್ರಣದಲ್ಲಿ "ಡುಮ್ಮ", "ದಢೂತಿ" ಎಂಬ ಮಾತುಗಳನ್ನು ತಮಾಷೆಗೂ ಬರೆಯಬಾರದು. "ಪ್ಲಸ್ ಸೈಜ್" ಎಂದರೆ ಹಲವರಿಗೆ ಬಟ್ಟೆ ಅಂಗಡಿಯ ನೆನಪಾಗುತ್ತದೆ. ನಾನು "ದಪ್ಪ ಮೈಯವರು" ಎಂದೇ ಬರೆಯುತ್ತೇನೆ. ಆಮಂತ್ರಣದಲ್ಲಿ ಕುರ್ಚಿಗಳಿಗೆ ಕೈಗಳಿಲ್ಲ, ಸಭಾಂಗಣ ನೆಲಮಟ್ಟದಲ್ಲಿದೆ, ಫೋಟೋ ತೆಗೆಯುವುದಿಲ್ಲ ಎಂಬ ಮೂರು ಸಾಲುಗಳು ಇರಲೇಬೇಕು. ಬರುವವರು ಮೊದಲು ಓದುವುದು ಅವನ್ನೇ.

ಪ್ರಾಯದ ಹುಡುಗಿಯರ ತಾಯಂದಿರು "ರಾತ್ರಿ ಎಂಥಾ ಪ್ರೋಗ್ರಾಮವ್ವಾ ಇದು?" ಎಂದು ಕೇಳುವುದು ಸಹಜ. ಅವರನ್ನೂ ಮೊದಲ ಅರ್ಧ ಗಂಟೆಗೆ ಕರೆಯಿರಿ, ಚಹಾ ಕೊಟ್ಟು ಸಭಾಂಗಣ ತೋರಿಸಿ. ಮದ್ಯ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೊಂದು ಇದ್ದರೆ ಈ ಊರಿನಲ್ಲಿ ಹೆಣ್ಣುಮಕ್ಕಳು ಎರಡನೆಯ ಸಲ ಬರುವುದಿಲ್ಲ.

ಬಾಗಿಲು ಕಾಯುವುದು

ಬಾಗಿಲಲ್ಲಿ ಎಲ್ಲರ ಮುಖಪರಿಚಯ ಇರುವ ಹೆಂಗಸೊಬ್ಬರು ಕೂರಬೇಕು. ಮೊದಲೇ ಫೋನಿನಲ್ಲಿ ಹೆಸರು ಹೇಳಿದವರಿಗೆ, ಅವರ ಜೊತೆಗೆ ಬರುವ ಒಬ್ಬ ಸ್ನೇಹಿತರಿಗೆ ಮಾತ್ರ ಪ್ರವೇಶ. ಸುಮ್ಮನೆ ನೋಡಿ ನಗಲು ಬರುವವರು ಒಂದು ಬಗೆಯಾದರೆ, ದಪ್ಪ ಮೈಯ ಹೆಂಗಸರ ಬೆನ್ನು ಬಿದ್ದು ಫೋನ್ ನಂಬರ್ ಕೇಳುವ ಗಂಡಸರು ಇನ್ನೊಂದು ಬಗೆ. ದೂರು ಬಂದ ಕ್ಷಣವೇ ಅಂಥವರನ್ನು ಹೊರಗೆ ಕಳುಹಿಸಬೇಕು, ಮುಂದಿನ ಸಲ ನೋಡೋಣ ಎನ್ನಬಾರದು. ಮೂರನೆಯ ಬಗೆಯವರು ಚೀಲದಲ್ಲಿ ತೂಕ ಇಳಿಸುವ ಪುಡಿ, ಹೊಟ್ಟೆ ಕರಗಿಸುವ ಬೆಲ್ಟು ತಂದು ಊಟದ ಹೊತ್ತಿಗೆ ಮಾರಲು ಕೂರುತ್ತಾರೆ. ಆ ಬೆಲ್ಟಿನಿಂದ ಹೋಗುವುದು ಬೆವರಿನ ನೀರು ಮಾತ್ರ, ಮಾರನೆಯ ದಿನ ಅದು ಮರಳಿ ಬರುತ್ತದೆ. ಸದುದ್ದೇಶದ ಸಂಘಟಕರು ಇನ್ನೊಂದು ತಪ್ಪು ಮಾಡುತ್ತಾರೆ: ಅರ್ಧ ಗಂಟೆ ವೈದ್ಯರಿಂದ ಆಹಾರ ಪಥ್ಯದ ಭಾಷಣ ಇಡಿಸುತ್ತಾರೆ. ಆರೋಗ್ಯದ ಮಾತು ಬೇಕಾದದ್ದೇ, ಆದರೆ ಬಂದವರೆಲ್ಲ ಅದನ್ನು ವಾರದ ಆರು ದಿನ ಮನೆಯಲ್ಲೂ ಕಚೇರಿಯಲ್ಲೂ ಕೇಳಿಸಿಕೊಂಡೇ ಬಂದಿರುತ್ತಾರೆ. ಈ ಮೂರು ಗಂಟೆ ಅವರಿಗೆ ಬಿಡುವು ಕೊಡಿ.

ಬೀದಿಯ ಕಡೆಯ ಕಿಟಕಿಗಳಿಗೆ ಪರದೆ ಹಾಕಿ, ಆದರೆ ಗಾಳಿ ಕಟ್ಟಬೇಡಿ. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆವಿಯಾಗುವುದರಿಂದ ಕೂಲರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಕಿಟಕಿ ಮುಚ್ಚಿದರೆ ಮಾತ್ರ ತೇವ ಒಳಗೇ ನಿಂತು ಬೆವರು ಆರುವುದಿಲ್ಲ. ಕೂಲರನ್ನು ತೆರೆದ ಕಿಟಕಿಗೆ ಇಟ್ಟು, ಎದುರು ಗೋಡೆಯ ಕಿಟಕಿಯನ್ನೂ ತೆರೆದಿಡಿ.

ಹಾಡು, ಊಟ

ಎರಡು ಜೋರು ಹಾಡಿಗೆ ಒಂದು ನಿಧಾನದ ಹಾಡು ಹಾಕಿ. ಸ್ಪರ್ಧೆ ಇಡಬೇಡಿ, ಯಾರನ್ನೂ ಕೈ ಹಿಡಿದು ಎಳೆದು ಕುಣಿಸಬೇಡಿ. ನಿರೂಪಕರು ಮೈಯ ಬಗ್ಗೆ ಒಂದು ಮಾತನ್ನೂ ಆಡಕೂಡದು, ಹೊಗಳಿಕೆಯಾದರೂ ಸರಿಯೇ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾಂಸ ತಿನ್ನುವವರಿಗೆ ತಹರಿ, ಅಂದರೆ ಮಾಂಸ ಹಾಕಿ ಮಾಡಿದ ಮಸಾಲೆ ಅನ್ನ. ತಟ್ಟೆ ಹಿಡಿದು ನಿಂತು ಉಣ್ಣುವ ಬಫೆ ಬೇಡ; ಕೂತವರ ಮುಂದೆಯೇ ಬಡಿಸಿ. ಬಡಿಸುವ ಹುಡುಗರಿಗೆ ಮೊದಲೇ ತಿಳಿಸಿ ಹೇಳಿ: ಕೇಳಿದಷ್ಟು ಹಾಕಬೇಕು, ಕೇಳದಿದ್ದರೆ ಒತ್ತಾಯ ಮಾಡಬಾರದು, ತಟ್ಟೆ ನೋಡಿ ಮುಖ ನೋಡಬಾರದು.

ಶೌಚಾಲಯ ಮತ್ತು ಮನೆಯ ದಾರಿ

ಸಭಾಂಗಣ ಗೊತ್ತು ಮಾಡುವ ಮೊದಲೇ ಶೌಚಾಲಯದೊಳಗೆ ಹೋಗಿ ಬಾಗಿಲು ಹಾಕಿ ನೋಡಿ. ಒಳಮುಖವಾಗಿ ತೆರೆಯುವ ಬಾಗಿಲಿದ್ದರೆ ಇಕ್ಕಟ್ಟಿನ ಕೋಣೆಯಲ್ಲಿ ಅದನ್ನು ಮುಚ್ಚಲು ಜಾಗವೇ ಸಾಲುವುದಿಲ್ಲ. ನೆಲದ ಮೇಲೆ ಕೂರಿಸಿದ ಕಮೋಡ್ ಒಂದಾದರೂ ಇರಬೇಕು. ಕನ್ನಡಿಯ ಪಕ್ಕ ಒಂದು ತಟ್ಟೆಯಲ್ಲಿ ಸೇಫ್ಟಿ ಪಿನ್ನು, ಸೂಜಿದಾರ, ತೊಡೆ ಉಜ್ಜಿ ಉರಿಯುವವರಿಗೆ ಕೊಬ್ಬರಿ ಎಣ್ಣೆ ಇಡಿ. ನಮ್ಮ ಎರಡನೆಯ ಕೂಟದಲ್ಲಿ ಕುಣಿಯುವಾಗ ಒಬ್ಬರ ಕುಪ್ಪಸದ ಹೊಲಿಗೆ ಬಿಟ್ಟಿತು. ಹತ್ತು ನಿಮಿಷದಲ್ಲಿ ಹೊಲಿದುಕೊಂಡು ಅವರು ಮತ್ತೆ ಕುಣಿತಕ್ಕೆ ಬಂದರು.

ಹಂಚಿಕೊಂಡು ಹೋಗುವ ಆಟೋಗಳಲ್ಲಿ ದಪ್ಪಗಿರುವವರಿಂದ ಇಬ್ಬರ ಬಾಡಿಗೆ ಕೇಳುವುದು ಮಾಮೂಲು. ಪರಿಚಯದ ಏಳೆಂಟು ಆಟೋದವರನ್ನು 9:15ಕ್ಕೆ ಕರೆಸಿ, ಆಟೋಕ್ಕೆ ಇಬ್ಬರಂತೆ ಕಳುಹಿಸಿ, ಬಾಡಿಗೆಯನ್ನು ಪ್ರವೇಶ ಶುಲ್ಕದಲ್ಲೇ ಸೇರಿಸಿಬಿಡಿ. ಎಲ್ಲರೂ ಹೋದ ಮೇಲೆ, ಕುರ್ಚಿಗಳನ್ನು ಪೇರಿಸುವ ಮುನ್ನ, ಸಂಜೆ ಕಿರುಗುಟ್ಟಿದ್ದವನ್ನು ಹುಡುಕಿ ಬೆನ್ನ ಹಿಂದೆ ಸೀಮೆಸುಣ್ಣದಿಂದ ಗುರುತು ಹಾಕಿ, ಟೆಂಟ್ ಹೌಸಿನವರಿಗೆ ತೋರಿಸಿ ಕೊಡಿ. ಮುಂದಿನ ಸಲ ಅವು ನಿಮ್ಮ ಹಾಲಿಗೆ ಮರಳಿ ಬರಬಾರದು.