ಸಂಶೋಧನಾ ಪತ್ರಿಕೆ ಹೊರತರುವ ಕೆಲಸ: ಸಣ್ಣ ಬಂಡವಾಳ, ನಿಯತ್ತಿನ ಗಳಿಕೆ

ವಿಜಯಪುರದಲ್ಲಿ ಕೂತು ಸಂಶೋಧನಾ ಪತ್ರಿಕೆ ನಡೆಸಿದವರು ಫ.ಗು. ಹಳಕಟ್ಟಿ. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಶುರು ಮಾಡಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಈಗ ಅಷ್ಟು ಬಂಡವಾಳ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ತಪ್ಪಿಲ್ಲದೆ ತಿದ್ದುವ ಕೈ ಇದ್ದರೆ ಈ ಕೆಲಸಕ್ಕೆ ಇಳಿಯಬಹುದು.

ಗಿರಾಕಿಗಳು ನಮ್ಮ ಸುತ್ತಲೇ ಇದ್ದಾರೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮತ್ತು ಬಿಎಲ್‌ಡಿಇ ವಿಶ್ವವಿದ್ಯಾಲಯ ವಿಜಯಪುರದಲ್ಲೇ ಇವೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು. ಇವುಗಳ ಸುತ್ತ ನೂರಾರು ಪ್ರಾಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಸಾಕಷ್ಟು ಪದವಿ ಕಾಲೇಜುಗಳು. ಪತ್ರಿಕೆ ತರುವ ಆಸೆ ಕಾಲೇಜುಗಳಿಗೆ ಇರುತ್ತದೆ. ಆದರೆ ಪುಟ ಕಟ್ಟಲು, ಜಾಲತಾಣ ನೋಡಿಕೊಳ್ಳಲು ಮೇಷ್ಟ್ರಿಗೆ ಹೊತ್ತೆಲ್ಲಿ? ಆ ದುಡಿಮೆಯನ್ನು ನೀವು ಮಾರಬೇಕು.

ದುಡಿಮೆಯನ್ನು ಮಾತ್ರ. ಲೇಖನ ಒಪ್ಪಿಕೊಳ್ಳುವುದನ್ನು ಮಾರಬೇಡಿ. ಹಣ ಕಟ್ಟಿದರೆ ಎರಡೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ದಂಧೆ ಬಹಳ ಯುವ ಸಂಶೋಧಕರ ದುಡ್ಡನ್ನೂ ಹೆಸರನ್ನೂ ತಿಂದಿದೆ. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲ ತೆಗೆದುಹಾಕಿತು. ಆಮೇಲೆ ತಂದ ‘ಕೇರ್’ ಎಂಬ ಹೊಸ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಪತ್ರಿಕೆ ಒಳ್ಳೆಯದೋ ಅಲ್ಲವೋ ಎಂದು ಈಗ ಸಂಸ್ಥೆಗಳೇ ನೋಡಿ ತೀರ್ಮಾನಿಸಬೇಕು. ಹಾಗಾಗಿ ನಿಮ್ಮ ಶುಲ್ಕ ಕಾಲೇಜಿನಿಂದ ಬರಲಿ, ಲೇಖಕರಿಂದ ಬೇಡ. ಯಾವ ಲೇಖನ ಬರಬೇಕು ಎಂಬ ಮಾತು ಪೂರ್ತಿ ಸಂಪಾದಕ ಮಂಡಳಿಗೆ ಸೇರಿದ್ದು. ಮೊದಲ ಭೇಟಿಯಲ್ಲೇ ಇದನ್ನು ಬರವಣಿಗೆಯಲ್ಲಿ ಇಟ್ಟುಬಿಡಿ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಕಾಲೇಜಿನಿಂದ ನಾಲ್ಕು ವಿಷಯ ಬರೆಸಿಕೊಳ್ಳಿ: ಪತ್ರಿಕೆಯ ಹೆಸರು, ವಿಷಯದ ವ್ಯಾಪ್ತಿ, ಸಂಪಾದಕರ ಪಟ್ಟಿ, ಲೇಖನಗಳನ್ನು ಯಾರು ಹೇಗೆ ಪರಿಶೀಲಿಸುತ್ತಾರೆ ಎಂಬ ನಿಯಮ. ಒಪ್ಪಿಗೆ ಪಡೆಯದೆ ಯಾರ ಹೆಸರನ್ನೂ ಮಂಡಳಿಗೆ ಸೇರಿಸಬಾರದು.

ಆಮೇಲೆ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಹಾಕಿ. ಕೆನಡಾದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ಇದನ್ನು ಉಚಿತವಾಗಿ ಕೊಡುತ್ತದೆ. ಲೇಖನ ಬರುವುದರಿಂದ ಹಿಡಿದು ಪರಿಶೀಲನೆ, ತಿದ್ದುಪಡಿ, ಪ್ರಕಟಣೆವರೆಗೆ ಎಲ್ಲ ದಾಖಲೆ ಅದರಲ್ಲೇ ಉಳಿಯುತ್ತದೆ. ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್‌ಗೆ ಬೇಕಾದ ವಿವರವನ್ನೂ ಅದೇ ಕೊಡುತ್ತದೆ. ಖರ್ಚು ಬರುವುದು ಡೊಮೇನ್‌ಗೆ (ಜಾಲತಾಣದ ವಿಳಾಸ), ಹೋಸ್ಟಿಂಗ್‌ಗೆ (ಅದನ್ನು ಇಡುವ ಜಾಗ). ಸಣ್ಣ ಪತ್ರಿಕೆಗೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಸಾಕು.

ನಿಜವಾದ ಬೆವರು ಕನ್ನಡ ಲೇಖನಗಳಲ್ಲಿದೆ. ಈಗಲೂ ಬಹಳಷ್ಟು ಲೇಖನಗಳು ಹಳೇ ನುಡಿ ಫಾಂಟ್‌ನಲ್ಲೇ ಬರುತ್ತವೆ. ತೆರೆಯ ಮೇಲೆ ಕನ್ನಡ ಕಂಡರೂ ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹುಡುಕಾಟಕ್ಕೆ ಅದು ಸಿಗುವುದೇ ಇಲ್ಲ. ನಾಲ್ಕು ವರ್ಷ ದುಡಿದು ಬರೆದ ಲೇಖನ ಜಾಲದಲ್ಲಿದ್ದೂ ಇಲ್ಲದಂತೆ ಆಗುತ್ತದೆ, ಇದಕ್ಕಿಂತ ಬೇಸರದ ಸಂಗತಿ ಯಾವುದಿದೆ? ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡ್‌ಗೆ, ಅಂದರೆ ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಸಂಕೇತಕ್ಕೆ ತನ್ನಿ. ಅಷ್ಟಕ್ಕೆ ನಿಲ್ಲಬೇಡಿ. ಅರ್ಕಾವತ್ತು ಜಾಗ ತಪ್ಪಿರಬಹುದು, ಒತ್ತಕ್ಷರ ಒಡೆದಿರಬಹುದು. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಲೇಬೇಕು. ಶಾಸನದ ಪಾಠ, ವಚನದ ಸಾಲು ಇದ್ದರೆ ಇನ್ನೊಮ್ಮೆ ಓದಿ. ಕನ್ನಡ ಪಿಡಿಎಫ್‌ನಿಂದ ಅಕ್ಷರ ನಕಲು ಮಾಡಿದಾಗ ಎಷ್ಟೋ ಸಲ ಕಲಸಿಹೋಗುತ್ತವೆ, ಆದ್ದರಿಂದ ವೆಬ್ ಪುಟದ ರೂಪದಲ್ಲೂ ಲೇಖನ ಹಾಕಿ. ಮದುವೆ ಕಾರ್ಡ್ ಮಾಡುವ ಡಿಟಿಪಿ ಅಂಗಡಿಯವರಿಗೆ ಈ ಕೆಲಸ ಬೇಗ ಹತ್ತುತ್ತದೆ, ಅಂಥವರನ್ನು ಜೊತೆಗೆ ಸೇರಿಸಿಕೊಳ್ಳಿ.

ಮೊದಲ ಸಂಚಿಕೆ ಸಿದ್ಧವಾದ ಮೇಲೆ ಪತ್ರಿಕೆಯ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್‌ಗೆ ಅರ್ಜಿ ಹಾಕಿ. ಈ ಎಂಟು ಅಂಕಿಯ ಸಂಖ್ಯೆಯನ್ನು ದೆಹಲಿಯ ರಾಷ್ಟ್ರೀಯ ಕೇಂದ್ರ ಉಚಿತವಾಗಿ ಕೊಡುತ್ತದೆ. ಕೊಡಿಸುತ್ತೇವೆ ಎಂದು ಹಣ ಕೇಳುವವರಿಂದ ದೂರ ಇರಿ. ಮುದ್ರಣಕ್ಕೆ ಒಂದು, ಆನ್‌ಲೈನ್‌ಗೆ ಬೇರೆ ಒಂದು ಸಂಖ್ಯೆ ಬೇಕು. ಇದು ಪತ್ರಿಕೆಯ ಗುರುತು ಮಾತ್ರ, ಗುಣಮಟ್ಟದ ಮುದ್ರೆ ಅಲ್ಲ. ಕಾಲೇಜಿನವರಿಗೆ ಇದನ್ನು ಬಿಡಿಸಿ ಹೇಳಿ.

ಪ್ರತಿ ಲೇಖನಕ್ಕೆ ಶಾಶ್ವತ ಕೊಂಡಿ ಬೇಕಿದ್ದರೆ ಕ್ರಾಸ್‌ರೆಫ್ ಎಂಬ ಸಂಸ್ಥೆಯ ಸದಸ್ಯತ್ವ ಪಡೆದು ಡಿಒಐ ಎಂಬ ಗುರುತು ಕೊಡಬಹುದು. ಅದಕ್ಕೆ ಡಾಲರ್‌ನಲ್ಲಿ ವಾರ್ಷಿಕ ಶುಲ್ಕ ಇದೆ, ಲೇಖನಕ್ಕೆ ಬೇರೆ ಶುಲ್ಕ ಇದೆ. ಈ ಹಣ ಕಾಲೇಜಿನ ಬಜೆಟ್‌ನಲ್ಲೇ ಇರಲಿ. ಹತ್ತು ಲೇಖನ ಪ್ರಕಟವಾದ ಮೇಲೆ, ಅಥವಾ ಒಂದು ವರ್ಷ ದಾಟಿದ ಮೇಲೆ ಡಿಒಎಜೆಗೆ (ಎಲ್ಲರೂ ಉಚಿತವಾಗಿ ಓದಬಹುದಾದ ಸಂಶೋಧನಾ ಪತ್ರಿಕೆಗಳ ಅಂತರರಾಷ್ಟ್ರೀಯ ಪಟ್ಟಿ) ಅರ್ಜಿ ಹಾಕಿ, ಅರ್ಜಿಗೆ ಶುಲ್ಕವಿಲ್ಲ.

ದರ ಹೇಗೆ? ಹತ್ತು ಪುಟದ ಕನ್ನಡ ಲೇಖನವನ್ನು ಪರಿವರ್ತಿಸಿ, ತಿದ್ದಿ, ಪುಟ ಕಟ್ಟಲು ಅರ್ಧ ದಿನ ಬೇಕು. ಆ ಕೂಲಿಯ ಲೆಕ್ಕದಲ್ಲಿ ಪುಟಕ್ಕೆ ದರ ಹೇಳಿ. ಜಾಲತಾಣ ಹಾಕಿಕೊಡಲು ಒಮ್ಮೆ ಕೊಡುವ ಮೊತ್ತ, ನಿಗಾಕ್ಕೆ ವರ್ಷದ ಮೊತ್ತ ಬೇರೆ. ಒಂದೇ ಕಾಲೇಜು ಹಿಡಿದರೆ ಜೀವನ ನಡೆಯದು, ನಾಲ್ಕೈದು ಪತ್ರಿಕೆ ಸೇರಿದಾಗ ಹೋಸ್ಟಿಂಗ್ ಖರ್ಚು ಹಂಚಿಹೋಗುತ್ತದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಉಚಿತ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ.

ಮೊದಲ ಗಿರಾಕಿ ಸಿಗದಿದ್ದರೆ ಹಳೇ ಸಂಚಿಕೆಗಳಿಂದ ಶುರು ಮಾಡಿ. ಎಷ್ಟೋ ಕಾಲೇಜುಗಳ ಗ್ರಂಥಾಲಯದಲ್ಲಿ ನಿಂತುಹೋದ ಪತ್ರಿಕೆಗಳ ಕಟ್ಟುಗಳಿವೆ. ಒಂದು ಸಂಚಿಕೆಯನ್ನು ಲೇಖಕರ ಒಪ್ಪಿಗೆ ಪಡೆದು ಆನ್‌ಲೈನ್ ಮಾಡಿ ಪ್ರಾಂಶುಪಾಲರಿಗೆ ತೋರಿಸಿ. ಒಪ್ಪಂದ ಮಾಡುವಾಗ ಡೊಮೇನ್, ಐಎಸ್‌ಎಸ್‌ಎನ್, ಪಾಸ್‌ವರ್ಡ್ ಎಲ್ಲವೂ ಕಾಲೇಜಿನ ಹೆಸರಲ್ಲೇ ಇರಲಿ. ಮೂರು ತಿಂಗಳಿಗೊಮ್ಮೆ ಪೂರ್ತಿ ಬ್ಯಾಕಪ್ ಪ್ರತಿಯನ್ನು ಅವರ ಗ್ರಂಥಪಾಲಕರ ಕೈಗೆ ಕೊಟ್ಟು ಸಹಿ ಪಡೆಯಿರಿ.