ಫ್ಯಾನು ನಿಲ್ಲಿಸಲು ಜಾಗ ಹುಡುಕುವುದು ಹೇಗೆ?

ರಾಯದುರ್ಗದ ಕಡೆಯ ಹಳ್ಳಿಗಳಲ್ಲಿ ಕಣ ಎಲ್ಲಿ ಮಾಡಬೇಕು ಅಂತ ಯಾರೂ ಇಂಜಿನಿಯರನ್ನು ಕೇಳಿದ್ದಿಲ್ಲ. ಮರ, ಮನೆ ಅಡ್ಡ ಬರದ, ಸ್ವಲ್ಪ ಎತ್ತರದ ಜಾಗ ನೋಡಿ ಸಗಣಿ ಸಾರಿಸಿಬಿಡುತ್ತಿದ್ದರು. ಮೊರ ಎತ್ತಿ ತೂರಿದರೆ ಕಾಳು ಕಾಲಬುಡದಲ್ಲೇ ಬೀಳಬೇಕು, ಹೊಟ್ಟು ನಾಲ್ಕು ಮಾರು ಆಚೆ ಹೋಗಬೇಕು. ಅಷ್ಟೇ ಲೆಕ್ಕ.

ಈಗ ಆಂಧ್ರದ ಅನಂತಪುರ ಜಿಲ್ಲೆಯ ಇಂಥ ಹೊಲಗಳ ನಡುವೆ ಕರೆಂಟ್ ಮಾಡುವ ಗಾಳಿಯಂತ್ರಗಳು ತಿರುಗುತ್ತಿವೆ. ಊರವರ ಬಾಯಲ್ಲಿ ಅವು ಬರೀ ಫ್ಯಾನು. "ಕಣ ಇರೋ ಕಡೆ ಫ್ಯಾನು ಹಾಕಿದ್ರೆ ಆಯ್ತಲ್ವಾ ಸಾರ್?" ಅಂತ ರೈತರೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು. ಮಾತು ಅರ್ಧ ಸರಿ. ಆದರೆ ಸುಗ್ಗಿ ಬರುವುದು ಚಳಿಗಾಲದಲ್ಲಿ. ಆಗಿನ ಗಾಳಿ ಮೂಡಲ ಕಡೆಯದು, ಮೆತ್ತಗಿನದು. ಫ್ಯಾನಿಗೆ ವರ್ಷದ ಸಂಪಾದನೆ ಬರುವುದು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಪಡುವಲ ಗಾಳಿಯಲ್ಲಿ. ಹಾಗಾಗಿ ಗಾಳಿ ಇದೆಯಾ ಅಂತ ಕೇಳಿದರೆ ಸಾಲದು, ಯಾವ ತಿಂಗಳ ಗಾಳಿ, ಎಷ್ಟು ಎತ್ತರದ ಗಾಳಿ ಅಂತ ಕೇಳಬೇಕು.

ಐವತ್ತು, ನೂರು ಮೆಗಾವ್ಯಾಟಿನ ದೊಡ್ಡ ವಿಂಡ್ ಫಾರ್ಮ್‌ಗೆ ಜಾಗ ಹುಡುಕುವ ಕೆಲಸದಲ್ಲಿ ನಾನು ಕಂಡದ್ದು ಇಷ್ಟು: ಗಾಳಿ ಸಾಲದೆ ಬಿಟ್ಟ ಜಾಗಗಳಿಗಿಂತ ತಂತಿ, ದಾರಿ, ಪಹಣಿ ಸರಿಯಿಲ್ಲದೆ ಬಿಟ್ಟ ಜಾಗಗಳೇ ಜಾಸ್ತಿ. ಆದ್ದರಿಂದ ಕಡಿಮೆ ಖರ್ಚಿನ ಪರೀಕ್ಷೆ ಮೊದಲು, ದುಬಾರಿ ಪರೀಕ್ಷೆ ಆಮೇಲೆ.

ಮೊದಲ ಹೆಜ್ಜೆ: ನಕ್ಷೆ

ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ದೇಶದ ಗಾಳಿ ನಕ್ಷೆಗಳನ್ನು ಮಾಡಿದೆ. ಅದರ ಅಂದಾಜಿನಲ್ಲಿ ಆಂಧ್ರದ ಗಾಳಿಯಿಂದ ತೆಗೆಯಬಹುದಾದ ಕರೆಂಟಿನ ಸಾಮರ್ಥ್ಯ 120 ಮೀಟರ್ ಎತ್ತರದಲ್ಲಿ ಸುಮಾರು 75 ಗಿಗಾವ್ಯಾಟ್, 150 ಮೀಟರ್ ಎತ್ತರದಲ್ಲಿ ಸುಮಾರು 123 ಗಿಗಾವ್ಯಾಟ್. ನೆಲ ಅದೇ. ಮೂವತ್ತು ಮೀಟರ್ ಮೇಲೆ ಹೋದದ್ದಕ್ಕೆ ಇಷ್ಟು ವ್ಯತ್ಯಾಸ.

ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುತ್ತದೆ. ಇದರ ಹಿಂದಿರುವುದು ಒಂದು ಲೆಕ್ಕ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಮೀಟರ್ ಆದರೂ ಸಾಕು, ಶಕ್ತಿ ನೂರಕ್ಕೆ ಐವತ್ತೊಂಬತ್ತು ಪಾಲಿನಷ್ಟು ಹೆಚ್ಚುತ್ತದೆ. ಕೆನ್ನೆಗೆ ತಾಗಿದಾಗ ನಮಗೆ ಗೊತ್ತೇ ಆಗದ ಒಂದು ಮೀಟರ್ ಅದು.

ಮೇಲೆ ಹೋದಂತೆ ಗಾಳಿ ಜೋರಾಗುವುದು ಸರಿ, ತೆಳುವೂ ಆಗುತ್ತದೆ. ರಾಯದುರ್ಗ ಇರುವುದೇ ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಮೇಲೆ. ಜೊತೆಗೆ ನಮ್ಮ ಬಿಸಿಲು. ಯಾವ ವೇಗಕ್ಕೆ ಎಷ್ಟು ಕರೆಂಟ್ ಅಂತ ಯಂತ್ರದ ಕಂಪನಿಯವರು ತೋರಿಸುವ ಪಟ್ಟಿ ಸಾಮಾನ್ಯವಾಗಿ ಘನಮೀಟರಿಗೆ 1.225 ಕಿಲೋ ತೂಗುವ ಗಾಳಿಗೆ ಬರೆದದ್ದು. ನಮ್ಮ ಗಾಳಿ ಅದಕ್ಕಿಂತ ನೂರಕ್ಕೆ ಹತ್ತು ಪಾಲಿನಷ್ಟು ಹಗುರ. ಪಟ್ಟಿ ನೋಡಿ ಖುಷಿಪಡುವ ಮುಂಚೆ ಇದನ್ನು ಕಳೆಯಿರಿ.

ಎರಡನೆಯದು: ನಡೆದು ನೋಡುವುದು

ಕಣೇಕಲ್ಲು, ಬೊಮ್ಮನಹಾಳ್ ಕಡೆ ಆಷಾಢದಲ್ಲಿ ಒಮ್ಮೆ ಹೋಗಿ ಬನ್ನಿ. ವೇದಾವತಿ ಹೊಳೆ ಅಲ್ಲಿ ಹಗರಿ. ಗಾಳಿ ಅದರ ಮರಳನ್ನು ಎತ್ತಿ ತಂದು ಹೊಲಗಳಲ್ಲಿ ದಿಬ್ಬ ಮಾಡಿದೆ, ಮರುಭೂಮಿಯ ಹಾಗೆ. ದಿಬ್ಬದ ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಕಡಿದು. ಇಳಿಜಾರಿನ ಕಡೆಯಿಂದ ಗಾಳಿ ಬರುತ್ತದೆ, ಕಡಿದಾದ ಕಡೆ ಮರಳು ಉದುರುತ್ತದೆ. ದಿಕ್ಕು ತಿಳಿಯಲು ಯಾವ ಉಪಕರಣವೂ ಬೇಡ. ಬಯಲಲ್ಲಿ ಒಂಟಿಯಾಗಿ ನಿಂತ ಜಾಲಿ, ಬೇವು ಒಂದೇ ಕಡೆಗೆ ಬಾಗಿದ್ದರೆ ಅದೂ ಸಾಕ್ಷಿ.

ಬೆಟ್ಟದ ನೆತ್ತಿ ಎಂದರೆ ಒಳ್ಳೆ ಜಾಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಾಳಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿರುವ, ನಯವಾಗಿ ಏರುವ ಗುಡ್ಡವಾದರೆ ಹೌದು, ನೆತ್ತಿಯ ಮೇಲೆ ಗಾಳಿ ಒತ್ತಿಕೊಂಡು ಜೋರಾಗುತ್ತದೆ. ರಾಯದುರ್ಗದ ಕೋಟೆ ಬೆಟ್ಟದಂಥ ಬಂಡೆಗುಡ್ಡದ ಕಥೆ ಬೇರೆ. ಅಲ್ಲಿ ಗಾಳಿ ಬಂಡೆಗೆ ಬಡಿದು ಸುಳಿಯಾಗುತ್ತದೆ. ಸುಳಿಗಾಳಿಯಲ್ಲಿ ರೆಕ್ಕೆ ತಿರುಗುತ್ತದೆ, ಆದರೆ ಬೇರಿಂಗು, ಗೇರುಪೆಟ್ಟಿಗೆ ಬೇಗ ಸವೆಯುತ್ತವೆ. ಮನೆ, ಮರ, ಬಂಡೆ ಯಾವುದೇ ಇರಲಿ, ಅದರ ಎತ್ತರದ ಇಪ್ಪತ್ತು ಪಟ್ಟು ದೂರದವರೆಗೆ ಹಿಂದಿನ ಗಾಳಿ ಕೆಟ್ಟಿರುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ.

ಮೂರನೆಯದು: ಕಾಗದ

ಇದನ್ನು ಕೊನೆಗೆ ಇಟ್ಟುಕೊಂಡವರು ಕೈ ಸುಟ್ಟುಕೊಂಡಿದ್ದಾರೆ. ಸರ್ವೆ ನಂಬರ್ ಹಿಡಿದು ಅಡಂಗಲ್, 1-ಬಿ ತೆಗೆಸಿ. ಕರ್ನಾಟಕದವರಿಗೆ ಪಹಣಿ ಇದ್ದ ಹಾಗೆ ಆಂಧ್ರದಲ್ಲಿ ಇವು. ಜಮೀನು ಡಿ.ಕೆ.ಟಿ. ಪಟ್ಟಾ ಆಗಿದ್ದರೆ ಎಚ್ಚರ. ಭೂಮಿಯಿಲ್ಲದವರಿಗೆ ಸರ್ಕಾರ ಹಂಚಿದ ಇಂಥ ಜಮೀನಿನ ಮಾರಾಟದ ಮೇಲೆ 1977ರ ಕಾಯ್ದೆಯ ಬಿಗಿ ಇದೆ. ರೈತ ಒಪ್ಪಿದ, ಅಡ್ವಾನ್ಸ್ ಕೊಟ್ಟೆವು ಅಂದರೆ ಕೆಲಸ ಮುಗಿಯಲಿಲ್ಲ.

ಆಮೇಲೆ ಅರಣ್ಯ. ವಿಂಡ್ ಫಾರ್ಮ್‌ಗೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕಿಲ್ಲ. ಆದರೆ ಒಂದೇ ಒಂದು ಕಂಬ ಅರಣ್ಯದ ಗಡಿಯೊಳಗೆ ಬಿದ್ದರೂ ಕೇಂದ್ರದ ಅನುಮತಿ ಬೇಕು. ಡಿ. ಹಿರೇಹಾಳ್ ಕಡೆ ಗಣಿ ಗುತ್ತಿಗೆಯ ನಕ್ಷೆಯನ್ನೂ ಪಕ್ಕಕ್ಕಿಟ್ಟು ನೋಡಿ. ಓಬಳಾಪುರಂನ ಕಬ್ಬಿಣದ ಅದಿರು ಇರುವುದು ಅದೇ ಸೀಮೆಯಲ್ಲಿ. ವಿಮಾನ ನಿಲ್ದಾಣಗಳ ಪ್ರಾಧಿಕಾರ ಮತ್ತು ರಕ್ಷಣಾ ಇಲಾಖೆಯ ಒಪ್ಪಿಗೆಗೆ ಬೇಗ ಅರ್ಜಿ ಹಾಕಿಬಿಡಿ.

ಹಕ್ಕಿಯನ್ನು ಮರೆಯಬೇಡಿ. ನಾವು ಎರ್ಲಡ್ಡು ಅನ್ನುವ, ತೆಲುಗಿನವರು ಬಟ್ಟಮೇಕ ಪಿಟ್ಟ ಅನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಗಡಿಯಾಚೆ ಸಿರುಗುಪ್ಪದ ಬಯಲಲ್ಲಿ ಕಾಣಿಸಿಕೊಂಡಿದೆ. ಅದಕ್ಕೆಂದೇ ಆಂಧ್ರದಲ್ಲಿ ರೊಳ್ಳಪಾಡು ಅಭಯಾರಣ್ಯವಿದೆ. ಭಾರಿ ಮೈ, ಎದುರಿಗಿನದು ಸರಿಯಾಗಿ ಕಾಣದ ಕಣ್ಣು. ಫ್ಯಾನಿಗಿಂತ ಜಾಸ್ತಿ ಅದಕ್ಕೆ ಅಪಾಯ ಕರೆಂಟ್ ತಂತಿಯಿಂದ. ಅಂಥ ಹಕ್ಕಿ ಓಡಾಡುವ ಹುಲ್ಲುಗಾವಲಾದರೆ ಆ ಜಾಗ ಬಿಟ್ಟುಬಿಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ತಂತಿ

ಫ್ಯಾನುಗಳಿಂದ ಬರುವ ಕರೆಂಟು 33 ಕೆವಿ ತಂತಿಯಲ್ಲಿ ಫಾರ್ಮಿನ ಸಬ್‌ಸ್ಟೇಷನ್ ಸೇರುತ್ತದೆ. ದೊಡ್ಡ ಫಾರ್ಮಾದರೆ ಅಲ್ಲಿಂದ 220 ಕೆವಿಗೆ ಏರಿ ದೊಡ್ಡ ಗ್ರಿಡ್ ಸೇರುತ್ತದೆ. ಉರವಕೊಂಡದಲ್ಲಿ 400 ಕೆವಿ ಸಬ್‌ಸ್ಟೇಷನ್ ಬಂದ ಮೇಲೆ ಸುತ್ತಲಿನ ಜಾಗಗಳಿಗೆ ಬೆಲೆ ಬಂತು. ಸಬ್‌ಸ್ಟೇಷನ್ ಹತ್ತಿರ ಇದ್ದರಷ್ಟೇ ಸಾಲದು, ಅಲ್ಲಿ ಖಾಲಿ ಬೇ, ಅಂದರೆ ನಿಮ್ಮ ತಂತಿ ಜೋಡಿಸುವ ಜಾಗ, ಇದೆಯಾ, ನಿಮ್ಮ ಕರೆಂಟನ್ನು ತಾಳುವಷ್ಟು ಟ್ರಾನ್ಸ್‌ಫಾರ್ಮರ್ ಇದೆಯಾ ಕೇಳಿ. ಮಧ್ಯದ ಒಂದೊಂದು ಹೊಲದವರನ್ನೂ ಟವರಿಗೆ ಒಪ್ಪಿಸಬೇಕು. ಇಪ್ಪತ್ತು ಕಿಲೋಮೀಟರ್ ತಂತಿಯಲ್ಲಿ ಒಬ್ಬರು ಒಪ್ಪದಿದ್ದರೂ ಇಡೀ ಫಾರ್ಮು ಸುಮ್ನೆ ನಿಲ್ಲುತ್ತದೆ.

ಈಗ ಅಳೆಯುವ ಕಂಬ

ಇಷ್ಟು ದಾಟಿದ ಜಾಗದಲ್ಲಿ ಮಾತ್ರ ಮಾಸ್ಟ್ ನಿಲ್ಲಿಸಿ. ತೆಳ್ಳಗಿನ ಕಬ್ಬಿಣದ ಕಂಬ, ಸುತ್ತ ಎಳೆದು ಕಟ್ಟಿದ ತಂತಿಗಳು. ಬೇರೆ ಬೇರೆ ಎತ್ತರದಲ್ಲಿ ವೇಗ ಅಳೆಯುವ ಬಟ್ಟಲುಗಳು, ದಿಕ್ಕು ತೋರುವ ಬಾಲ, ತಾಪ ಮತ್ತು ಒತ್ತಡದ ಮಾಪಕ. ಹತ್ತು ನಿಮಿಷಕ್ಕೊಮ್ಮೆ ಸರಾಸರಿ ಬರೆದುಕೊಳ್ಳುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷ ಬೇಕು. ಆಷಾಢವೊಂದನ್ನೇ ಅಳೆದರೆ ಎಲ್ಲ ಜಾಗವೂ ಚಿನ್ನವೇ.

ಕಂಬದ ಮರೆಗೆ ಬಟ್ಟಲು ಬಂದರೆ ವೇಗ ಕಡಿಮೆ ಕಾಣುತ್ತದೆ. ಹಾಗಾಗಿ ಬಟ್ಟಲು ಹೊತ್ತ ತೋಳು ಎತ್ತ ಚಾಚಿದೆ ಅನ್ನುವುದು ಮುಖ್ಯ. ದಿಕ್ಕಿನ ಬಾಲಕ್ಕೂ ಉತ್ತರ ಯಾವುದು ಅಂತ ಸರಿಯಾಗಿ ಹೇಳಿಕೊಟ್ಟಿರಬೇಕು. ಒಂದು ಊರಿನಲ್ಲಿ ನಾವು ಮೂರು ತಿಂಗಳ ಅಂಕಿ ತೆಗೆದು ಪಟ ಬರೆದೆವು. ಆಷಾಢದ ಗಾಳಿ ಉತ್ತರದಿಂದ ಬಂದಂತಿತ್ತು. ಲ್ಯಾಪ್‌ಟಾಪ್ ಇಣುಕಿದ ಕುರಿಗಾಹಿ ಅಜ್ಜ ನಕ್ಕುಬಿಟ್ಟರು. "ಅಲ್ಲ ಸಾಮಿ, ಈಗ ಗಾಳಿ ಪಡುವಲಿಂದ ಬರ್ತೈತೆ. ನನ್ನ ಕುರಿ ಎತ್ತ ಬೆನ್ನು ಮಾಡ್ಕಂಡು ನಿಂತಾವೆ ನೋಡ್ರಿ." ಕುರಿಗಳು ಮೂಡಲಿಗೆ ಮುಖ ಮಾಡಿ ನಿಂತಿದ್ದವು. ಮಾಸ್ಟ್ ಹತ್ತಿಸಿ ನೋಡಿದರೆ, ನಿಲ್ಲಿಸಿದವರು ಬಾಲದ ಉತ್ತರದ ಗುರುತನ್ನು ತೋಳಿನ ದಿಕ್ಕಿಗೆ ಇಟ್ಟು ಕೈ ತೊಳೆದುಕೊಂಡಿದ್ದರು. ತೊಂಬತ್ತು ಡಿಗ್ರಿ ತಪ್ಪು. ಅಂಕಿಗಳನ್ನು ತಿರುಗಿಸಿ ಸರಿಮಾಡಬಹುದು, ನಾವೂ ಮಾಡಿದೆವು. ಅಜ್ಜ ಅವತ್ತು ಆ ಕಡೆ ಬಾರದಿದ್ದರೆ ಫ್ಯಾನಿನ ಸಾಲುಗಳನ್ನೇ ಅಡ್ಡಡ್ಡ ಗುರುತು ಮಾಡಿರುತ್ತಿದ್ದೆವು.

ಕಾವಲು ಇಡಿ. ಮಾಸ್ಟಿನ ಸೋಲಾರ್ ಫಲಕ, ಕೇಬಲ್ಲು ಕಳುವಾಗುತ್ತವೆ. ಮಳೆಗಾಲದ ನಡುವೆ ಕಳುವಾದರೆ ಇನ್ನೊಂದು ವರ್ಷ ಕಾಯಬೇಕು.

ಮಳೆಯ ಹಾಗೆ ಗಾಳಿಗೂ ಒಳ್ಳೆಯ ವರ್ಷ, ಕೆಟ್ಟ ವರ್ಷ ಅಂತಿದೆ. ಒಂದು ವರ್ಷದ ಅಳತೆಯನ್ನು ಹಿಂದಿನ ಇಪ್ಪತ್ತು ಮೂವತ್ತು ವರ್ಷದ ಹವಾಮಾನ ದಾಖಲೆಗೆ ಹೋಲಿಸಿ ತಿದ್ದಬೇಕು. ಆಮೇಲೆ ಯಂತ್ರದ ದರ್ಜೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದನೇ ದರ್ಜೆ ವರ್ಷದ ಸರಾಸರಿ ಸೆಕೆಂಡಿಗೆ 10 ಮೀಟರಿಗೆ, ಎರಡನೆಯದು 8.5ಕ್ಕೆ, ಮೂರನೆಯದು 7.5ಕ್ಕೆ ತಾಳುವಂತೆ ಮಾಡಿದ್ದು. ನಮ್ಮ ಕಡೆಯ ಗಾಳಿಗೆ ಬೇಕಾಗುವುದು ಉದ್ದ ರೆಕ್ಕೆಯ ಮೂರನೇ ದರ್ಜೆಯ ಯಂತ್ರ.

ದಾರಿ ಮತ್ತು ಮಣ್ಣು

ಅರವತ್ತು ಮೀಟರ್ ಉದ್ದದ ರೆಕ್ಕೆ ಒಂದೇ ತುಂಡಾಗಿ ಟ್ರೇಲರಿನ ಮೇಲೆ ಬರುತ್ತದೆ. ಊರ ಬಾಗಿಲಿನ ಅಶ್ವತ್ಥಕಟ್ಟೆ, ಕಿರಿದಾದ ಮೋರಿ, ಜೋತುಬಿದ್ದ ಕರೆಂಟ್ ತಂತಿ ಒಂದೊಂದನ್ನೂ ಮೊದಲೇ ಅಳೆದಿಡಿ. ಕಟ್ಟೆ ತೆಗೆಯುತ್ತೇವೆ ಅಂತ ಊರಲ್ಲಿ ಹೇಳಲೇಬೇಡಿ, ಬಳಸಿಕೊಂಡು ಹೋಗುವ ದಾರಿ ಹುಡುಕಿ. ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಕ್ರೇನು ಹೂತುಕೊಳ್ಳುತ್ತದೆ, ಪಾಯದ ಖರ್ಚು ಏರುತ್ತದೆ. ಗಟ್ಟಿ ಮೊರಂ ಸಿಕ್ಕರೆ ಅದೃಷ್ಟ.

ಗೂಟ ಹೊಡೆಯುವುದು

ಮುಂದಿನ ಫ್ಯಾನು ಬಿಟ್ಟ ಗಾಳಿ ಹಿಂದಿನದಕ್ಕೆ ಎಂಜಲು. ಅದು ಚೇತರಿಸಿಕೊಳ್ಳಲು ದೂರ ಬೇಕು. ಗಾಳಿಯ ದಿಕ್ಕಿನಲ್ಲಿ ರೆಕ್ಕೆವೃತ್ತದ ಅಗಲದ ಐದರಿಂದ ಏಳು ಪಟ್ಟು, ಅಡ್ಡಕ್ಕೆ ಮೂರು ಪಟ್ಟಾದರೂ ಬಿಡುವುದು ರೂಢಿ. ವೃತ್ತದ ಅಗಲ 120 ಮೀಟರ್ ಆದರೆ ಸಾಲಿನಿಂದ ಸಾಲಿಗೆ 600ರಿಂದ 840 ಮೀಟರ್, ಸಾಲಿನೊಳಗೆ 360. ಗಾಳಿ ಪಡುವಲಿಂದ ಬರುವುದರಿಂದ ಸಾಲುಗಳು ಬಡಗು-ತೆಂಕಾಗಿ ಬರುತ್ತವೆ. ನಡುವಿನ ನೆಲದಲ್ಲಿ ಶೇಂಗಾ ಬಿತ್ತನೆ ಎಂದಿನಂತೆ ನಡೆಯುತ್ತದೆ.

ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ ವಾಸದ ಮನೆಯಿಂದ 500 ಮೀಟರ್ ದೂರ ಇರಬೇಕು. ರಸ್ತೆ, ರೈಲು ಹಳಿ, ದೊಡ್ಡ ವಿದ್ಯುತ್ ತಂತಿಯಿಂದ ಕಂಬದ ಎತ್ತರ, ಅದಕ್ಕೆ ವೃತ್ತದ ಅರ್ಧ, ಮೇಲೆ 5 ಮೀಟರ್ ಕೂಡಿಸಿದಷ್ಟು ದೂರ. ಕಂಬ 120 ಮೀಟರ್ ಇದ್ದರೆ 120, 60, 5, ಒಟ್ಟು 185. ಕುರಿದೊಡ್ಡಿಯಲ್ಲಿ ಮಲಗುವವರ ಗುಡಿಸಲು ನಕ್ಷೆಯಲ್ಲಿ ಇರುವುದಿಲ್ಲ, ಅದನ್ನೂ ಮನೆ ಅಂತಲೇ ಲೆಕ್ಕ ಹಿಡಿಯಿರಿ.

ಕೊನೆಗೆ ರೆಕ್ಕೆಯ ತುದಿ. ಪಾಯ ನಿಮ್ಮ ಜಮೀನಿನಲ್ಲೇ ಇದ್ದರೂ ರೆಕ್ಕೆ ಪಕ್ಕದವರ ಹೊಲದ ಮೇಲೆ ಹಾಯುತ್ತದೆಯಾ ನೋಡಿ, ಹಾಯ್ದರೆ ಅವರ ಒಪ್ಪಿಗೆ ಬರೆಸಿಕೊಳ್ಳಿ. ಗಡಿಯಲ್ಲಿ ಆ ಪಕ್ಕದ ಹೊಲ ಬಳ್ಳಾರಿ ಜಿಲ್ಲೆಯದೂ ಆಗಿರಬಹುದು. ಹಾಗಿದ್ದರೆ ಗೂಟ ಕಿತ್ತು ಈಚೆಗೆ ಹೊಡೆಯಿರಿ. ಎರಡು ರಾಜ್ಯದ ತಹಶೀಲ್ದಾರ್ ಕಚೇರಿಗೆ ಅಲೆಯುವುದಕ್ಕಿಂತ ನಲವತ್ತು ಮೀಟರ್ ಗಾಳಿ ಬಿಟ್ಟುಕೊಡುವುದು ಅಗ್ಗ.