ಬಿದಿರು ಕೋಲು ನೆಟ್ಟು ಹಿಮನದಿ ಅಳೆದದ್ದು

ಹಿಮನದಿ ಅಳೆಯಲು ನಮಗೆ ಮುಖ್ಯವಾಗಿ ಬೇಕಾಗುವುದು ಬಿದಿರು. ಎರಡೆರಡು ಮೀಟರಿನ ತುಂಡುಗಳನ್ನು ತಂತಿಯಲ್ಲಿ ಒಂದಕ್ಕೊಂದು ಕಟ್ಟಿ ಹತ್ತು ಮೀಟರ್ ಉದ್ದ ಮಾಡುತ್ತೇವೆ. ಬಿಸಿ ಹಬೆಯಿಂದ ಐಸಿನಲ್ಲಿ ತೂತು ಕೊರೆದು ಒಳಗೆ ಇಳಿಸುತ್ತೇವೆ. ಮರುವರ್ಷ ಸೆಪ್ಟೆಂಬರ್ ಕೊನೆಗೆ ಬಂದು, ಎಷ್ಟು ಬಿದಿರು ಹೊರಗೆ ಬಂದಿದೆ ಅಂತ ಟೇಪ್ ಹಿಡಿದು ನೋಡುತ್ತೇವೆ. ಅಷ್ಟು ಐಸ್ ಕರಗಿದೆ ಅಂತ ಲೆಕ್ಕ.

ನಾನು ಈ ಕೆಲಸ ಕಲಿತದ್ದು ಹಿಮಾಚಲದ ಲಾಹೌಲ್‌ನಲ್ಲಿ, ಛೋಟಾ ಶಿಗ್ರಿ ಅನ್ನುವ ಹಿಮನದಿಯ ಮೇಲೆ. ಛತ್ರು ದಾಟಿ ಬಾತಲ್ ಕಡೆ ಹೋಗುವ ದಾರಿಯಲ್ಲಿ ಇಳಿದು, ತಂತಿಗೆ ನೇತು ಹಾಕಿದ ತೊಟ್ಟಿಲಲ್ಲಿ ಕೂತು ಚಂದ್ರಾ ನದಿ ದಾಟಬೇಕು. ಹಿಮನದಿ ಸುಮಾರು 9 ಕಿ.ಮೀ. ಉದ್ದ. 2002ರಿಂದ ಇಲ್ಲಿ ಪ್ರತಿ ವರ್ಷ ಅಳತೆ ನಡೆದಿದೆ. ನಮ್ಮ ದೇಶದಲ್ಲಿ ಇಷ್ಟು ವರ್ಷ ಬಿಡದೆ ಅಳೆದ ಹಿಮನದಿಗಳು ತುಂಬಾ ಕಮ್ಮಿ.

ಮೊದಲ ಸಲ ಕೆಳಭಾಗದ ಒಂದು ಕೋಲಿನ ಹತ್ತಿರ ಹೋದಾಗ ಅದು ನಿಂತೇ ಇರಲಿಲ್ಲ. ಎರಡು ತುಂಡು ಪೂರ್ತಿ ಹೊರಬಂದು, ತಂತಿಯ ಗಂಟಿನಲ್ಲಿ ಮಡಚಿಕೊಂಡು ಐಸಿನ ಮೇಲೆ ಮಲಗಿದ್ದವು. ಮೂರನೆಯದು 70 ಸೆಂ.ಮೀ. ಹೊರಗಿತ್ತು. ಒಂದೇ ವರ್ಷದಲ್ಲಿ 4.7 ಮೀಟರ್. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಜಿಪಿಎಸ್ ತೋರಿಸಿದ ಅಂಕಿ. ಕೋಲು ನೆಟ್ಟ ಜಾಗದಿಂದ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗೆ ಬಂದಿತ್ತು! ಹಿಮನದಿ ಹಿಂದೆ ಸರಿಯುತ್ತಿದೆ ಅಂತ ಓದಿಕೊಂಡು ಬಂದವನು ನಾನು. ಇದು ಮುಂದಕ್ಕೆ ಹರಿಯುತ್ತಿದೆಯಲ್ಲ?

ಇಡೀ ವಿಷಯ ಇರುವುದೇ ಇಲ್ಲಿ. ಐಸ್ ಯಾವತ್ತೂ ಹಿಂದೆ ಹೋಗುವುದಿಲ್ಲ, ಯಾವಾಗಲೂ ಕೆಳಕ್ಕೇ ಹರಿಯುತ್ತದೆ. ಹಿಮನದಿಯ ಮೂತಿ ಅಂದರೆ, ಮೇಲಿಂದ ಬಂದ ಐಸ್ ಪೂರ್ತಿ ಕರಗಿ ಮುಗಿಯುವ ಜಾಗ. ಬರುವುದಕ್ಕಿಂತ ಕರಗುವುದು ಹೆಚ್ಚಾದರೆ ಆ ಜಾಗ ಮೇಲಕ್ಕೆ ಸರಿಯುತ್ತದೆ, ಕಮ್ಮಿಯಾದರೆ ಕೆಳಕ್ಕೆ.

ಬರುವುದರ ಲೆಕ್ಕ ಸಿಗುವುದು 5,000 ಮೀಟರ್ ದಾಟಿದ ಮೇಲೆ. ಅಲ್ಲಿ ಹಿಮದಲ್ಲಿ ಗುಂಡಿ ತೋಡಿ, ಕಳೆದ ಬೇಸಿಗೆಯ ಕೊಳಕು ಪದರ ಸಿಗುವವರೆಗೆ ಇಳಿದು, ಹಿಮವನ್ನು ಕೊಳವೆಯಲ್ಲಿ ತುಂಬಿ ತೂಗುತ್ತೇವೆ. ಆ ಎತ್ತರದಲ್ಲಿ ಹತ್ತು ಸಲ ಗುದ್ದಲಿ ಎತ್ತಿದರೆ ಉಸಿರು ಸಾಲುವುದಿಲ್ಲ. ಎರಡೂ ಲೆಕ್ಕ ಸೇರಿಸಿದರೆ, 2002ರಿಂದ 2014ರವರೆಗೆ ಛೋಟಾ ಶಿಗ್ರಿ ವರ್ಷಕ್ಕೆ ಸರಾಸರಿ, ಕರಗಿಸಿ ಇಡೀ ಹಿಮನದಿಯ ಮೇಲೆ ಹರಡಿದರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಆಳದ ನೀರಾಗುವಷ್ಟು ಐಸ್ ಕಳೆದುಕೊಂಡಿದೆ. ನಡುವೆ 2009-10ರಂತಹ ಒಳ್ಳೆಯ ವರ್ಷಗಳೂ ಬಂದಿದ್ದವು, ಕರಗಿದ್ದಕ್ಕಿಂತ ಬಿದ್ದದ್ದು ಹೆಚ್ಚು. ಹಾಗಂತ ಮೂತಿ ಮುಂದೆ ಬರುವುದಿಲ್ಲ. ಮೇಲೆ ಬಿದ್ದ ಹಿಮದ ಸುದ್ದಿ ಕೆಳಗೆ ಮುಟ್ಟಲು ಎಷ್ಟೋ ವರ್ಷ, ದೊಡ್ಡ ಹಿಮನದಿಗಳಲ್ಲಿ ಹಲವು ದಶಕಗಳೇ ಬೇಕು.

ಕಲ್ಲುಮಣ್ಣಿನದ್ದು ಇನ್ನೊಂದು ಕಥೆ. ಮಲ್ಪೆ ಕಡೆಯವನಾದ ನನಗೆ ಇದು ಬೇಗ ಅರ್ಥವಾಯಿತು. ನಮ್ಮಲ್ಲಿ ಮೊದಲೆಲ್ಲ ಐಸಿನ ಗಟ್ಟಿ ಕರಗದಿರಲಿ ಅಂತ ಮರದ ಹುಡಿಯಲ್ಲಿ ಮುಚ್ಚಿಡುತ್ತಿದ್ದರು. ಹಿಮನದಿಯ ಮೇಲೆ ದಪ್ಪಗೆ ಬಿದ್ದ ಕಲ್ಲಿನ ಪದರವೂ ಅದೇ ಕೆಲಸ ಮಾಡುತ್ತದೆ. ಆದರೆ ಧೂಳು ತೆಳ್ಳಗೆ ಹರಡಿದ್ದರೆ ಉಲ್ಟಾ. ಕಪ್ಪು ಬಣ್ಣ ಬಿಸಿಲು ಹೀರಿ ಬೇಗ ಕರಗಿಸುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಹಿಮನದಿ ಒಂದೇ ಬಿಸಿಲಿಗೆ ಬೇರೆ ಬೇರೆ ಥರ ಇರಬಹುದು. ಕಲ್ಲು ಹೊದ್ದುಕೊಂಡ ಹಿಮನದಿ ಕೆಲವೊಮ್ಮೆ ಮೂತಿ ಕದಲಿಸದೆ ನಿಂತಲ್ಲೇ ತೆಳ್ಳಗಾಗುತ್ತದೆ. ಮೂತಿಯ ಫೋಟೋ ಒಂದನ್ನೇ ನೋಡಿ "ಇದು ಚೆನ್ನಾಗಿದೆ" ಅನ್ನುವುದು ತಪ್ಪು.

ಊರಿಗೆ ಹೋದಾಗೆಲ್ಲ ಯಾರಾದರೂ ಕೇಳುತ್ತಾರೆ: "ಕಾರಕೋರಂನಲ್ಲಿ ಹಿಮನದಿ ಬೆಳೀತಾ ಇದೆಯಂತಲ್ಲ?" ಸುಮ್ನೆ ಹುಟ್ಟಿದ ಸುದ್ದಿಯಲ್ಲ ಅದು. ಅಲ್ಲಿ ಹಿಮ ಹೆಚ್ಚಾಗಿ ಬೀಳುವುದು ಚಳಿಗಾಲದಲ್ಲಿ, ಪಶ್ಚಿಮದಿಂದ ಬರುವ ಮಾರುತಗಳಿಂದ. ಬೇಸಿಗೆಯೂ ಅಷ್ಟು ಬಿಸಿಯಾಗಿರಲಿಲ್ಲ. ಹಾಗಾಗಿ ಹಲವು ಹಿಮನದಿಗಳು ಎಷ್ಟೋ ವರ್ಷ ಅಷ್ಟಾಗಿ ಸೊರಗಲಿಲ್ಲ. ಆದರೆ ಅಲ್ಲಿ ದಿಢೀರನೆ ನುಗ್ಗುವ ಹಿಮನದಿಗಳೂ ಇವೆ. ಮೇಲೆ ವರ್ಷಗಟ್ಟಲೆ ಐಸ್ ಶೇಖರವಾಗಿ, ತಳದಲ್ಲಿ ನೀರು ಸೇರಿ ಜಾರಿಕೆ ಹೆಚ್ಚಿದಾಗ ಒಮ್ಮೆಗೇ ಮುಂದೆ ಬರುತ್ತವೆ. 2018ರಲ್ಲಿ ಅಲ್ಲಿನ ಹುಂಜಾ ಕಣಿವೆಯ ಶಿಶ್‌ಪರ್ ಹಿಮನದಿ ಹೀಗೇ ನುಗ್ಗಿ ಪಕ್ಕದ ಹೊಳೆಗೆ ಅಡ್ಡ ನಿಂತಿತು. ಅಲ್ಲಿ ಕಟ್ಟಿಕೊಂಡ ಕೆರೆ 2022ರ ಮೇನಲ್ಲಿ ಒಡೆದು ಹಸನಾಬಾದ್ ಸೇತುವೆ ಕೊಚ್ಚಿಹೋಯಿತು. ಅಲ್ಲಿ ಐಸ್ ಹೊಸದಾಗಿ ಹೆಚ್ಚಲಿಲ್ಲ, ಮೇಲಿದ್ದದ್ದು ಕೆಳಗೆ ಬಂತು. ಬೆಚ್ಚಗಿನ ಜಾಗಕ್ಕೆ ಇಳಿದದ್ದರಿಂದ ಇನ್ನೂ ಬೇಗ ಕರಗುತ್ತದೆ.

ಆ ಮಲಗಿದ್ದ ಕೋಲನ್ನು ಅಳೆದ ಮೇಲೆ, ಹಳೆಯ ಜಿಪಿಎಸ್ ಗುರುತು ನೋಡಿಕೊಂಡು ನಾವು ಮೇಲಕ್ಕೆ ನಡೆದೆವು. ಮೊದಲು ನೆಟ್ಟ ಜಾಗದಲ್ಲೇ ಮತ್ತೆ ಹತ್ತು ಮೀಟರ್ ಕೊರೆದು ಹೊಸ ಬಿದಿರು ಇಳಿಸಿದೆವು. ತುದಿ ಐಸಿನ ಮಟ್ಟಕ್ಕೆ ಬಂದಾಗ ಸಂಜೆ ನಾಲ್ಕಾಗಿತ್ತು, ಕೈಗವಸು ಒದ್ದೆಯಾಗಿತ್ತು. ನೋಟ್‌ಬುಕ್ಕಿನಲ್ಲಿ ಆ ಕೋಲಿನ ನಂಬರ್ ಮುಂದೆ ಸೊನ್ನೆ ಬರೆದೆ.